ಚಿತ್ತಮಣಿದರ್ಪಣ: ಕೊಳಗಲ್ಲು ಸೀಮೆಯ ಪಾಠ

ಕನ್ನಡದ ಸಂಧಿ, ಸಮಾಸ, ನಾಮ, ಕ್ರಿಯೆಗಳಿಗೆಲ್ಲ ಕೇಶಿರಾಜ 13ನೆಯ ಶತಮಾನದಲ್ಲೇ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ ಕಟ್ಟಿಟ್ಟ. ಅದನ್ನು 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಛಾಪಖಾನೆಯಲ್ಲಿ ಅಚ್ಚು ಹಾಕಿಸಿದವರು ಫರ್ಡಿನಾಂಡ್ ಕಿಟ್ಟೆಲ್. ಇಷ್ಟೆಲ್ಲ ಸೂತ್ರಗಳನ್ನು ತಿದ್ದಿ ತೀಡಿದ ಪಾದ್ರಿಗಳು, ಸಭೆಯವರು ಬೆಳಗಿನಿಂದ ಬೈಗಿನವರೆಗೆ ಆಡುವ ‘ಕರ್ತನೇ ನಡೆಸಿದ’ ಎಂಬ ವಾಕ್ಯಕ್ಕೆ ಮಾತ್ರ ಲಕ್ಷಣ ಹೇಳದೆ ಹೋದರು. ಆ ಕೊರತೆ ತುಂಬುವುದಕ್ಕೆ ಈ ಕಿರುಶಾಸ್ತ್ರ.

ಮೊದಲು ಕ್ಷೇತ್ರ. ಮಾದರಿಗಳನ್ನು ಆರಿಸಿರುವುದು ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ನಡುವಣ ಎರೆನೆಲದಿಂದ. ಶಾಸ್ತ್ರಕಾರನ ಗದ್ದುಗೆ ಕೊಳಗಲ್ಲು. ಗದ್ದುಗೆಗೆ ಈ ಊರನ್ನೇ ಆರಿಸಿದ್ದಕ್ಕೆ ಕಾರಣವಿದೆ. ರಾಷ್ಟ್ರಕೂಟರ ಖೊಟ್ಟಿಗನ ಕಾಲದ, ಕ್ರಿ.ಶ. 967ರ ಇಲ್ಲಿನ ಶಾಸನದಲ್ಲಿ ಗದಾಧರನೆಂಬ ತಪಸ್ವಿಯ ಹೆಸರಿದೆ. ಅವನ ಹುಟ್ಟೂರು ಬಂಗಾಳದ ವರೇಂದ್ರಿ ಸೀಮೆಯದು. ಅಲ್ಲಿಂದ ಹೊರಟವನು ಕೊಳಗಲ್ಲಿಗೆ ಹೇಗೆ ಮುಟ್ಟಿದ, ಯಾರು ನಡೆಸಿದರು? ಅವನು ಕಾರ್ತಿಕೇಯನ ಭಕ್ತನಾದ್ದರಿಂದ ಆ ಪ್ರಶ್ನೆ ನಮ್ಮ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ‘ನಡೆಸಲ್ಪಟ್ಟವರು’ ಬಂದಿಳಿಯುವುದು ಈ ಊರಿಗೆ ಹೊಸದಲ್ಲವೆಂದಷ್ಟೇ ಅದರಿಂದ ಸಿದ್ಧವಾಗುತ್ತದೆ.

ಇನ್ನು ಸಾಮಾನ್ಯ ಲಕ್ಷಣ. ದೈವಚಿತ್ತವು ಪ್ರಾಯಶಃ ಭೂತಕಾಲದಲ್ಲೇ ದೊರೆಯುತ್ತದೆ. ಸಾಕ್ಷಿ ಹೇಳುವ ಹೊತ್ತಿನಲ್ಲಿ ಎದ್ದು ನಿಂತವರು ‘ಕರ್ತ ನಡೆಸಿದ್ರು’ ಅನ್ನುತ್ತಾರೆ. ‘ಈಗ ನಡೆಸ್ತಾ ಇದಾರೆ, ಎಡಕ್ಕೆ ತಿರುಗು ಅಂತಿದಾರೆ’ ಅನ್ನುವವರು ವಿರಳ. ಭವಿಷ್ಯತ್ಕಾಲದ ರೂಪಗಳು ಉಪವಾಸ ಪ್ರಾರ್ಥನೆಯ ಕೂಟಗಳಲ್ಲಿ ಧಾರಾಳವಾಗಿ ಸಿಗುತ್ತವಾದರೂ ಅವುಗಳ ಆಯುಷ್ಯ ಕಡಿಮೆ.

ಭೇದಗಳಲ್ಲಿ ಮೊದಲನೆಯದು ದ್ವಾರವರ್ಗ. ಇದರಲ್ಲಿ ತೆರೆದ ಬಾಗಿಲು, ಮುಚ್ಚಿದ ಬಾಗಿಲು ಎಂದು ಎರಡು ಜಾತಿ. ಶಿಷ್ಟಪ್ರಯೋಗ ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿದೆ: ಪೌಲ ಬಿಥೂನ್ಯಕ್ಕೆ ಹೋಗಬೇಕೆಂದ, ಆತ್ಮ ಬಿಡಲಿಲ್ಲ. ದೇಶೀಯ ಪ್ರಯೋಗಕ್ಕೆ ಅಷ್ಟು ದೂರ ಹೋಗಬೇಕಿಲ್ಲ, ಬಳ್ಳಾರಿಯೇ ಸಾಕು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಇಂಗ್ಲೆಂಡಿನಿಂದ ಹೊರಟಾಗ ಅವರಿಗೆ ಗೊತ್ತುಪಡಿಸಿದ್ದ ಊರು ಶ್ರೀರಂಗಪಟ್ಟಣ. ಕಂಪನಿ ಸರ್ಕಾರಕ್ಕೆ ಆಗ ಪಾದ್ರಿಗಳೆಂದರೆ ಆಗುತ್ತಿರಲಿಲ್ಲ. 1813ರ ಸನದು ಬರುವವರೆಗೆ ಅವರು ಎಲ್ಲಿ ಇಳಿಯಬೇಕು, ಎಲ್ಲಿ ಇರಬೇಕು ಎಂಬುದೆಲ್ಲ ಅಧಿಕಾರಿಗಳ ಮರ್ಜಿ. ಶ್ರೀರಂಗಪಟ್ಟಣ ಕೈಗೂಡಲಿಲ್ಲ. 1810ರಲ್ಲಿ ಹ್ಯಾಂಡ್ಸ್ ಬಂದು ಕೂತದ್ದು ಬಳ್ಳಾರಿಯಲ್ಲಿ: ಕೋಟೆ, ದಂಡು, ಬೋಳುಗುಡ್ಡ, ಬಿಸಿಲು. ಆ ವರ್ಷ ಯಾರಾದರೂ ಅವರನ್ನು ಕೇಳಿದ್ದರೆ ಇದನ್ನು ಯಾವ ವರ್ಗಕ್ಕೆ ಸೇರಿಸುತ್ತಿದ್ದರೋ! ‘ಕೆಟ್ಟುಹೋದ ಏರ್ಪಾಡು’ ಎಂಬ ಖಾನೆ ಖಾಲಿ ಇದ್ದೇ ಇತ್ತು. ಅವರಾದರೋ ಕನ್ನಡ ಕಲಿತರು, ತಮ್ಮ ಉಪಯೋಗಕ್ಕೆ ತಾವೇ ವ್ಯಾಕರಣ ಬರೆದುಕೊಂಡರು, ಬೈಬಲಿನ ಅನುವಾದಕ್ಕೆ ಕೈಹಾಕಿದರು. ಇಡೀ ಬೈಬಲು ಕನ್ನಡದಲ್ಲಿ ಸಿಕ್ಕಿದ್ದು 1830ರ ದಶಕದ ಆರಂಭಕ್ಕೆ. ಆಮೇಲೆ ನೋಡಿ, ‘ದೇವರೇ ಬಳ್ಳಾರಿಗೆ ಕಳಿಸಿದ’ ಎನ್ನುವುದು ಸುಲಭವಾಯಿತು. ವರ್ಗಾಂತರಕ್ಕೆ ಹಿಡಿದ ಕಾಲ ಸುಮಾರು ಇಪ್ಪತ್ತು ವರ್ಷ.

ಇಲ್ಲೊಂದು ಉಪಸೂತ್ರ. ಮುಚ್ಚಿದ ಬಾಗಿಲಿಗೆ ಬಾಲವಿರುತ್ತದೆ, ಅದು ಮುಚ್ಚಿಸಿಕೊಂಡವನಿಗೆ ಕಾಣುವುದಿಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸುತ್ತಿದ್ದ ‘ಮಂಗಳೂರ ಸಮಾಚಾರ’ ಮರುವರ್ಷ ‘ಕನ್ನಡ ಸಮಾಚಾರ’ವಾಗಿ ಬಳ್ಳಾರಿಗೆ ಬಂತು, ಇಲ್ಲಿ ಅಚ್ಚುಮೊಳೆಯ ಅನುಕೂಲ ಇತ್ತೆಂದು. ಕನ್ನಡದ ಮೊದಲ ಪತ್ರಿಕೆಯ ಎರಡನೆಯ ಮನೆ ನಮ್ಮೂರ ಪಕ್ಕದ್ದು ಎಂದು ಎದೆ ಉಬ್ಬಿಸುವವರು, ಶ್ರೀರಂಗಪಟ್ಟಣದ ಬಾಗಿಲು ಹಾಕಿದ ಹೆಸರಿಲ್ಲದ ಗುಮಾಸ್ತರಿಗೂ ಒಂದು ಸ್ತೋತ್ರ ಸಲ್ಲಿಸಬೇಕು.

ಅಪವಾದ: ತಟ್ಟದೇ ಇದ್ದ ಬಾಗಿಲು ಮುಚ್ಚಿದ ಬಾಗಿಲಲ್ಲ. ನರ್ಸಿಂಗ್ ಅರ್ಜಿಯ ಕೊನೆಯ ದಿನಾಂಕ ದಾಟಿದ ಮೇಲೆ ‘ದೇವರು ಬಾಗ್ಲು ಹಾಕಿದ್ರು’ ಅನ್ನುವುದು ಬೇರೆ ಶಾಸ್ತ್ರಕ್ಕೆ ಸೇರಿದ ವಿಷಯ.

ಎರಡನೆಯದು ವಾಕ್ಯವರ್ಗ. ಹೊಸ ವರ್ಷದ ರಾತ್ರಿ ತಟ್ಟೆಯಿಂದ ಎತ್ತುವ ವಾಗ್ದಾನದ ಚೀಟಿ, ಕ್ಯಾಲೆಂಡರಿನ ವಚನ, ಕಣ್ಣು ಮುಚ್ಚಿ ಬೈಬಲು ತೆರೆದು ಬೆರಳಿಡುವುದು ಇವೆಲ್ಲ ಇದರೊಳಗೆ. ಬೆರಳಿನ ವಿಧಾನಕ್ಕೆ ಸಂಬಂಧಿಸಿ ಭೌತಿಕ ಅಂಶವೊಂದನ್ನು ಪೂರ್ವಾಚಾರ್ಯರು ಗಮನಿಸಿದಂತಿಲ್ಲ. ದಪ್ಪ ಪುಸ್ತಕವನ್ನು ಕಣ್ಣು ಮುಚ್ಚಿ ತೆರೆದರೆ ಅದು ನಡುವಿಗೇ ತೆರೆದುಕೊಳ್ಳುತ್ತದೆ. ಬೈಬಲಿನ ನಡುವಿನಲ್ಲಿರುವುದು ಕೀರ್ತನೆಗಳು, ಅದನ್ನು ಸ್ವಲ್ಪ ದಾಟಿದರೆ ಯೆಶಾಯ. ಭಯಪಡಬೇಡ, ಜೊತೆಗಿದ್ದೇನೆ ಎಂಬ ಭರವಸೆ ದಟ್ಟವಾಗಿರುವ ಜಾಗವೇ ಅದು. ಹೀಗಾಗಿ ಸಾಲ ತೆಗೆಯಲೋ, ಸೈಟು ಕೊಳ್ಳಲೋ ಎಂದು ಕೇಳಿದವರಿಗೆಲ್ಲ ಧೈರ್ಯದ ಮಾತೇ ಸಿಗುತ್ತದೆ, ಅದರಲ್ಲಿ ಬೈಂಡಿಂಗ್ ಮಾಡಿದವನ ಪಾಲು ಎಷ್ಟೆಂದು ಯಾರೂ ವಿಚಾರಿಸುವುದಿಲ್ಲ. ಬೆರಳು ಎಡಕ್ಕೆ ಜಾರಿ ಯಾಜಕಕಾಂಡದ ಕುಷ್ಠದ ಅಧ್ಯಾಯದ ಮೇಲೆ ಬಿದ್ದರೆ ಸಂಪ್ರದಾಯ ಇನ್ನೊಮ್ಮೆ ತೆರೆಯಲು ಅನುಮತಿ ಕೊಡುತ್ತದೆ.

ಮೂರನೆಯದು ಕುರುಹುವರ್ಗ. ಇದರ ಮೂಲಪುರುಷ ಗಿದ್ಯೋನ. ಮೊದಲ ರಾತ್ರಿ ಕಣದಲ್ಲಿ ಹಾಸಿದ ಉಣ್ಣೆ ಮಾತ್ರ ತೊಯ್ದು ನೆಲ ಒಣಗಿರಬೇಕೆಂದ. ಮರುರಾತ್ರಿ ನೆಲ ತೊಯ್ದು ಉಣ್ಣೆ ಒಣಗಿರಬೇಕೆಂದ. ಈ ಪರೀಕ್ಷೆ ನಮ್ಮ ಸೀಮೆಗೆ ಒಗ್ಗುವುದಿಲ್ಲ. ಏಪ್ರಿಲಿನಲ್ಲಿ ಕೊಳಗಲ್ಲಿನ ಕಣದಲ್ಲಿ ಉಣ್ಣೆ ಹಾಸಿ ‘ಒಣಗಿದ್ದರೆ ನಿನ್ನ ಚಿತ್ತ’ ಎಂದರೆ ಫಲಿತಾಂಶಕ್ಕೆ ದೇವರನ್ನು ಎಬ್ಬಿಸುವ ಅಗತ್ಯವಿಲ್ಲ. ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟರೆ ಕುರುಹು ಎಂದು ಇಟ್ಟುಕೊಂಡವರೂ ಇದ್ದಾರೆ. ಅದು ನೀರಾವರಿ ಸಲಹಾ ಸಮಿತಿಯ ಚಿತ್ತ. ಈ ವರ್ಗದಲ್ಲಿ ನನಗೆ ಒಪ್ಪಿಗೆಯಾದ ಮಾದರಿ ಒಂದೇ, ಅಬ್ರಹಾಮನ ಸೇವಕನದು. ಹೆಣ್ಣು ನೋಡಲು ಹೋದವನು ಬಾವಿಯ ಬಳಿ ನಿಂತು, ನನಗಷ್ಟೇ ಅಲ್ಲ ಒಂಟೆಗಳಿಗೂ ನೀರು ಸೇದಿ ಹಾಕುವವಳೇ ಆಗಲಿ ಎಂದು ಬೇಡಿಕೊಂಡ. ಒಂಟೆ ಹತ್ತು, ಅವೂ ದೂರದಿಂದ ನಡೆದು ಬಂದವು. ರೆಬೆಕ್ಕ ಕೊಡ ಹೊತ್ತು ಬಾವಿಗೂ ದೋಣಿಗೂ ಎಷ್ಟು ಸಲ ಓಡಾಡಿರಬೇಕೆಂದು ಲೆಕ್ಕ ಹಾಕಿದರೆ, ಮುದುಕ ಕೇಳಿದ್ದು ಪವಾಡವಲ್ಲ, ಗುಣಪರೀಕ್ಷೆ ಎಂದು ಗೊತ್ತಾಗುತ್ತದೆ.

ನಾಲ್ಕನೆಯದಾದ ಸಮಾಧಾನವರ್ಗಕ್ಕೆ ಕಥೊಲಿಕರಲ್ಲಿ ಮೊದಲೇ ಶಾಸ್ತ್ರವಿದೆ. 1521ರಲ್ಲಿ ಪಾಂಪ್ಲೋನದ ಕಾಳಗದಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಲೊಯೋಲದ ಇಗ್ನಾಸಿಯು ತನ್ನ ಹಗಲುಗನಸುಗಳನ್ನೇ ತೂಗಿ ನೋಡಿದ. ವೀರರ ಸಾಹಸ, ಕುಲೀನ ಹೆಣ್ಣೊಬ್ಬಳ ಸೇವೆಯ ಕನಸು ಕಾಣುತ್ತಿದ್ದಾಗ ಹಿತ, ಮುಗಿದ ಮೇಲೆ ಮನಸ್ಸು ಬರಿದು. ಸಂತರ ಕತೆಯ ಗುಂಗಿನಲ್ಲಿ ಹಿತ, ಮುಗಿದ ಮೇಲೂ ಹಿತ. ಅದರ ಮೇಲೆ ಅವನು ಕಟ್ಟಿದ ನಿಯಮಗಳಲ್ಲಿ ಒಂದು ನಮ್ಮವರಿಗೆ ಬಹಳ ಬೇಕಾದ್ದು: ಮನಸ್ಸು ಕುಗ್ಗಿದಾಗ ಹಿಂದೆ ಮಾಡಿದ ತೀರ್ಮಾನ ಬದಲಿಸಬೇಡ. ನಮ್ಮ ಸೀಮೆಯ ‘ಯಾಕೋ ಸಮಾಧಾನ ಇಲ್ರೀ’ ಎಂಬ ಪ್ರಯೋಗ ಶನಿವಾರ ಸಂಜೆ, ಗುಡಿ ಗುಡಿಸುವ ಸರದಿ ಬಂದಾಗ ಹೆಚ್ಚಾಗಿ ಕೇಳುತ್ತದೆ. ಇನ್ನು ಸಮಾಧಾನ ಇದ್ದರೆ ದಾರಿ ಸರಿ ಎನ್ನುವವರು ಯೋನನನ್ನು ಓದಬೇಕು. ನಿನೆವೆಗೆ ಹೋಗೆಂದರೆ ತಾರ್ಷೀಷಿನ ಹಡಗು ಹತ್ತಿ, ಬಿರುಗಾಳಿಯಲ್ಲಿ ನಾವಿಕರು ಬೊಬ್ಬೆ ಹಾಕುತ್ತಿದ್ದಾಗ ಅಡಿಯಲ್ಲಿ ಗಾಢನಿದ್ರೆ ಮಾಡುತ್ತಿದ್ದ ಮನುಷ್ಯನಿಗೆ ಇದ್ದಷ್ಟು ಸಮಾಧಾನ ಆ ಹಡಗಿನಲ್ಲಿ ಯಾರಿಗೂ ಇರಲಿಲ್ಲ.

ಐದನೆಯದಕ್ಕೆ ವೈಯಾಕರಣರಿಂದ ಹೆಸರು ಸಾಲ ತಂದು ಪರಸ್ಮೈಪದವೆನ್ನುತ್ತೇವೆ: ದರ್ಶನ ಒಬ್ಬರಿಗೆ, ಕೆಲಸ ಇನ್ನೊಬ್ಬರಿಗೆ. ‘ಸಹೋದರರೇ, ನಿಮ್ಮ ಜಾಗದಲ್ಲೇ ಪ್ರಾರ್ಥನಾ ಮಂದಿರ ಏಳಬೇಕಂತ ಕರ್ತ ನನಗೆ ತಿಳಿಸಿದ್ರು’ ಎಂಬುದು ಉತ್ತಮ ಉದಾಹರಣೆ. ಇದರ ಪ್ರಬಲ ಉಪಜಾತಿ ಮದುವೆಗೆ ಸಂಬಂಧಿಸಿದ್ದು. ಬಾಸೆಲ್ ಮಿಷನ್ನಿನವರು ಈ ಗೊಂದಲವನ್ನು ಕಚೇರಿಗೇ ಒಪ್ಪಿಸಿ ಕೈತೊಳೆದುಕೊಂಡಿದ್ದರು. ಪಾದ್ರಿಯ ಮದುವೆಗೆ ಸಮಿತಿಯ ಒಪ್ಪಿಗೆ ಬೇಕು, ಎಷ್ಟೋ ಜನರಿಗೆ ವಧು ಹಡಗಿನಲ್ಲಿ ಬಂದಿಳಿಯುತ್ತಿದ್ದಳು, ಮುಖ ನೋಡುವುದು ಆಮೇಲೆ. ಸಮಿತಿಯ ಚಿತ್ತವೇ ದೇವರ ಚಿತ್ತ ಎಂದು ಎರಡೂ ಕಡೆಯವರು ನಂಬಿದರು, ನಂಬಿ ಬದುಕಿದರು. ಕೃತ್ಯಗಳ ಪುಸ್ತಕ ಇನ್ನೂ ಕಟ್ಟುನಿಟ್ಟು. ದಮಸ್ಕದಲ್ಲಿ ಸೌಲನಿಗೂ ದರ್ಶನ, ಅನನೀಯನಿಗೂ ದರ್ಶನ. ಕೈಸರೈಯದಲ್ಲಿ ಕೊರ್ನೇಲ್ಯನಿಗೂ, ಯೊಪ್ಪದ ಮಾಳಿಗೆಯ ಮೇಲೆ ಪೇತ್ರನಿಗೂ. ಎರಡು ತುದಿಗೂ ಸುದ್ದಿ ಮುಟ್ಟಿದ ಮೇಲೆಯೇ ಕೆಲಸ ನಡೆಯಿತು. ಒಂದೇ ತುದಿಯಲ್ಲಿ ಬಂದ ದರ್ಶನವನ್ನು ಜಾಗದ ಒಡೆಯ ಗೌರವದಿಂದ ಕೇಳಿಸಿಕೊಂಡು, ಚಹಾ ಕೊಟ್ಟು ಕಳಿಸಬಹುದು.

ಗರ್ದಭವರ್ಗಕ್ಕೆ ವಿವರ ಬೇಡ. ಬಿಳಾಮನಿಗೆ ಕಾಣದ ದೇವದೂತ ಅವನ ಕತ್ತೆಗೆ ಕಂಡ. ಯಾವ ಮನೆಯಲ್ಲಿ ಯಾರು ಮೂರು ಸಲ ಪೆಟ್ಟು ತಿಂದ ಮೇಲೆ ಬಾಯಿ ಬಿಡುತ್ತಾರೆಂಬುದನ್ನು ಓದುಗರು ಸ್ವಂತ ಮನೆಯಲ್ಲೇ ವಿಚಾರಿಸಿಕೊಳ್ಳಲಿ.

ಉಳಿದದ್ದು ಶೇಷವರ್ಗ. ಎಲ್ಲಿಯೂ ಹಿಡಿಸದವನ್ನು ತುಂಬಿಡಲು ಇದೊಂದು ಖಾನೆ ಮಾಡಿಕೊಂಡೆ. ತುಂಬುತ್ತ ಹೋದಂತೆ ಮಿಕ್ಕ ಖಾನೆಗಳೆಲ್ಲ ಸೇರಿದರೂ ಇದರ ಸಮಕ್ಕೆ ಬರಲಿಲ್ಲ. ಲಕ್ಷಣ ಇಷ್ಟೇ: ಯಾರೋ ಬಂದು ಏನೋ ಕೇಳುತ್ತಾರೆ. ಬಿಥೂನ್ಯದ ಬಾಗಿಲು ಮುಚ್ಚಿದ ಮೇಲೆ ತ್ರೋವದಲ್ಲಿ ಪೌಲನಿಗೆ ರಾತ್ರಿ ಕಂಡ ದರ್ಶನವನ್ನೇ ನೋಡಿ. ಬೆಳಕಿಲ್ಲ, ತುತೂರಿಯಿಲ್ಲ, ಮಕೆದೋನ್ಯದ ಒಬ್ಬ ಮನುಷ್ಯ ನಿಂತು, ಇತ್ತ ಬಂದು ನೆರವಾಗು ಅನ್ನುತ್ತಾನೆ. ಅಪೊಸ್ತಲನಿಗೆ ಕನಸಿನಲ್ಲಿ ಬಂದದ್ದು ಬೇರೆಯವರಿಗೆ ಹಾಡುಹಗಲೇ ಬಂದು ಕದ ತಟ್ಟುತ್ತದೆ.

ಮೇಲೆ ಹೇಳಿದ ಮೋಗ್ಲಿಂಗ್ ಪಾದ್ರಿಗೆ ಆದದ್ದು ಅದೇ. ಈ ದೇಶಕ್ಕೆ ಮೊದಲು ಬಂದ ಹದಿನಾರು ವರ್ಷಕ್ಕೆ, 1852ರ ಕೊನೆಗೆ, ಸ್ವದೇಶಕ್ಕೆ ಹೊರಡುವ ಸಿದ್ಧತೆಯಲ್ಲಿದ್ದರು. ಆಗ ಕೊಡಗಿನಿಂದ ಅಲ್ಮಂಡ ಸೋಮಯ್ಯ ದೀಕ್ಷಾಸ್ನಾನ ಬೇಕೆಂದು ಬಂದು ನಿಂತರು. ಕೊಡಗಿಗೆ ಮರಳಿದರೆ ಸೋಮಯ್ಯನ ಗತಿಯೇನು, ಒಬ್ಬರಾದರೂ ಜೊತೆಗೆ ಹೋಗಬೇಡವೇ? ಪಾದ್ರಿಗಳು ಹಡಗು ಬಿಟ್ಟು ಘಟ್ಟ ಹತ್ತಿದರು. ಆನಂದಪುರದ ಸಭೆ, ಕೊಡಗಿನ ಬಗ್ಗೆ ಅವರು ಬರೆದ ಪುಸ್ತಕ ಎಲ್ಲ ಆಮೇಲಿನವು. ಸಮಿತಿ ಕಳಿಸಿರಲಿಲ್ಲ, ಚೀಟಿ ಎತ್ತಿರಲಿಲ್ಲ, ಉಣ್ಣೆ ಹಾಸಿರಲಿಲ್ಲ. ಒಬ್ಬ ಮನುಷ್ಯ ಬಂದು ನಿಂತಿದ್ದ, ಅಷ್ಟೆ.

ನಮ್ಮ ಸೀಮೆಯ ಮಾದರಿಗಳಿಗೆ ಇಷ್ಟು ಚರಿತ್ರೆಯಿಲ್ಲ. ಸಂಡೆ ಸ್ಕೂಲ್ ಟೀಚರಿಗೆ ವರ್ಗವಾದಾಗ ‘ಬರೋ ವಾರದ ಮಟ ಇಟ್ಕೊಂಡಿರ‍್ರಿ’ ಎಂದು ಕೊಟ್ಟ ಬೀಗದ ಕೈ ಇನ್ನೂ ಒಬ್ಬಾಕೆಯ ಸೆರಗಿನ ತುದಿಯಲ್ಲಿದೆ, ಆಗ ಅಕ್ಷರ ಕಲಿತ ಹುಡುಗಿಯರ ಮಕ್ಕಳು ಈಗ ಅದೇ ಚಾಪೆಯ ಮೇಲೆ. ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಯಾವ ಕೌಂಟರಿನಲ್ಲಿ ಯಾವ ಚೀಟಿ ಎಂದು ಗೊತ್ತಿರುವ ಒಂದೇ ಕಾರಣಕ್ಕೆ, ಊರಲ್ಲಿ ಯಾರಿಗೆ ಹೊಟ್ಟೆನೋವು ಬಂದರೂ ಮೊದಲ ಬಸ್ಸಿಗೆ ಜೊತೆ ಹೊರಡುವವರಿದ್ದಾರೆ. ರೋಗಿ ಯಾವ ಮತದವನೆಂಬುದು ಬಸ್ಸಿನಲ್ಲಿ ಚರ್ಚೆಗೆ ಬರುವುದಿಲ್ಲ. ಇಂಥವರನ್ನು ‘ನಿಮಗೆ ಕರೆ ಯಾವಾಗ ಬಂತು?’ ಎಂದು ಕೇಳಿದರೆ ಅವರು ಫೋನ್ ತೆಗೆದು ನೋಡುತ್ತಾರೆ. ಸಾಕ್ಷಿಯ ಹೊತ್ತಿನಲ್ಲಿ ಇವರು ಏಳುವುದೂ ಇಲ್ಲ. ಕೆಲವರು ಆ ಹೊತ್ತಿಗೆ ಹೊರಗೆ ಚಪ್ಪಲಿ ಜೋಡಿಸುತ್ತಿರುತ್ತಾರೆ, ಅಥವಾ ಜನರೇಟರಿಗೆ ಡೀಸೆಲ್ ತರಲು ಹೋಗಿರುತ್ತಾರೆ. ಶಾಸ್ತ್ರಗಳಲ್ಲಿ ಈ ವರ್ಗ ಇಷ್ಟು ಕಾಲ ಬಿಟ್ಟುಹೋಗಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಹೊಳೆಯುವುದಿಲ್ಲ; ಸಂಗ್ರಾಹಕರೆಲ್ಲ ಒಳಗೆ ಕೂತಿದ್ದರು.

ಹೀಗೆ ಬೆಳೆದ ಶೇಷವರ್ಗವನ್ನು ಹೊತ್ತಿಗನುಗುಣವಾಗಿ ಒಡೆಯುವ ಯತ್ನ ನಡೆದಿದೆ: ಊಟಕ್ಕೆ ಕೂತಾಗ ಬಂದದ್ದು, ನಿದ್ದೆಯಲ್ಲಿ ಬಂದದ್ದು. ಎರಡನೆಯದರಲ್ಲಿ ಬಾಲಕ ಸಮುವೇಲನ ಪ್ರಕರಣ ಬಗೆಹರಿಯದೆ ನಿಂತಿದೆ. ರಾತ್ರಿ ಹೆಸರು ಹಿಡಿದು ಕರೆದದ್ದು ಕರ್ತ. ಹುಡುಗ ಮಾತ್ರ, ಕಣ್ಣು ಮಂಜಾದ ಮುದುಕ ಏಲಿಗೆ ಏನೋ ಬೇಕಾಗಿರಬೇಕೆಂದು ಎದ್ದು ಅವನ ಹಾಸಿಗೆಯ ಬಳಿ ಹೋದ, ಒಮ್ಮೆಯಲ್ಲ, ಮೂರು ಸಲ. ನಾಲ್ಕನೆಯ ಕರೆಯನ್ನು ದೇವರ ಧ್ವನಿಯೆಂದು ಬರೆದುಕೊಳ್ಳಲು ಯಾರ ತಕರಾರೂ ಇಲ್ಲ. ಮೊದಲ ಮೂರು ಓಟಗಳನ್ನು ತಪ್ಪುತಿಳಿವಿಗೆ ಬರೆಯಬೇಕೆಂದು ಒಂದು ಪಕ್ಷ, ಶೇಷಕ್ಕೇ ಬರೆಯಬೇಕೆಂದು ಇನ್ನೊಂದು. ಸದ್ಯಕ್ಕೆ ಶೇಷದಲ್ಲಿ ಬರೆದುಕೊಂಡಿದೆ, ಪೆನ್ಸಿಲಿನಲ್ಲಿ.