ಮರುಗಿರಿ ಭಾರಮೀಮಾಂಸೆ

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲು ನಾಲ್ಕು ಸಂಗತಿ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ ಯಾವುದು, ಪ್ರಯೋಜನವೇನು, ಸಂಬಂಧ ಎಂಥದು, ಓದಲು ಅಧಿಕಾರಿ ಯಾರು. ಪ್ರಕೃತ ಪ್ರಬಂಧದ ವಿಷಯ, ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಸೊನೋರಾ ಮರುಭೂಮಿಯ ನಡುವೆ ಹಲ್ಲು ಕಿರಿದು ನಿಂತಿರುವ ಬೋಳುಬೆಟ್ಟಗಳ ಚಾರಣ ಮತ್ತು ಬೇಟೆ. ಪ್ರಯೋಜನ ಓದುಗರಿಗೆ ಅಲ್ಪ, ಸಾಮಾನು ಮಾರುವ ಅಂಗಡಿಗಳಿಗೆ ಅಪಾರ. ಸಂಬಂಧವೆಂದರೆ ಬೆನ್ನಿಗೂ ಚೀಲಕ್ಕೂ ಇರುವಂಥದು. ಅಧಿಕಾರಿಯಾದರೋ, ಎರಡೂ ಮೊಣಕಾಲು ನೆಟ್ಟಗಿರುವವನು. ಒಂದೇ ನೆಟ್ಟಗಿರುವವರು ಏರುವ ಭಾಗದವರೆಗೆ ಓದಿ ನಿಲ್ಲಿಸಬಹುದು. ಇಳಿಯುವ ಭಾಗ ಅವರಿಗಲ್ಲ.

ಪೂರ್ವಸೂರಿಗಳನ್ನು ನೆನೆಯದೆ ಮುಂದುವರಿಯುವಂತಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿ, ಅದರಲ್ಲಿ ಬೇಟೆಯನ್ನು ರಾಜವಿನೋದಗಳ ಸಾಲಿಗೆ ಸೇರಿಸಿದ. ಸೇರಿಸದೆ ಏನು? ದೊರೆಗೆ ಹೊರೆಯಾಳುಗಳಿದ್ದರು. ತನ್ನ ನೀರನ್ನು ತಾನೇ ಹೊರುವ ಪ್ರಸಂಗ ಬಂದಿದ್ದರೆ ಅವನೂ ಬೇಟೆಯನ್ನು ಬೇರೆ ಯಾವುದಾದರೂ ಅಧ್ಯಾಯಕ್ಕೆ ತಳ್ಳುತ್ತಿದ್ದನೆಂದು ನಮ್ಮ ಮತ. ಆದಕಾರಣ ಸಿದ್ಧಾಂತವನ್ನು ಇಲ್ಲೇ ಮಂಡಿಸುತ್ತೇವೆ: ಮರುಭೂಮಿಯ ಬೆಟ್ಟದಲ್ಲಿ ಬೇಟೆ ಸ್ವತಂತ್ರ ವಿದ್ಯೆಯಲ್ಲ. ಅದು ಸಾಮಾನು ಹೊರುವ ಶಾಸ್ತ್ರದ ಒಂದು ಸಣ್ಣ ಕವಲು.

ಕ್ಷೇತ್ರನಿರ್ಣಯವಾಗಬೇಕಲ್ಲ, ಅದಕ್ಕೆ ಕೋಫಾ ಬೆಟ್ಟಗಳನ್ನು ಆರಿಸಿಕೊಂಡಿದ್ದೇವೆ. ಬಿಗ್‌ಹಾರ್ನ್ ಎಂಬ ದಪ್ಪಕೊಂಬಿನ ಕಾಡುಕುರಿ ಕ್ಷೀಣಿಸುತ್ತಿದೆಯೆಂದು ಅರಿಜೋನಾದ ಸ್ಕೌಟ್ ಹುಡುಗರು 1930ರ ದಶಕದಲ್ಲಿ ರಾಜ್ಯವಿಡೀ ಚಳವಳಿ ನಡೆಸಿದರು. 1939ರ ಜನವರಿಯಲ್ಲಿ ಇಲ್ಲಿನ ಆರೂವರೆ ಲಕ್ಷ ಎಕರೆಗೂ ಮಿಕ್ಕ ನೆಲ ವನ್ಯಜೀವಿಗಳಿಗೆ ಮೀಸಲಾಯಿತು. ಅತ್ಯುನ್ನತ ಶಿಖರ ಸಿಗ್ನಲ್ ಪೀಕ್, ಸುಮಾರು 1,486 ಮೀಟರ್. ಮುಳ್ಳಯ್ಯನಗಿರಿ ಹತ್ತಿಬಂದವರು ಈ ಅಂಕಿ ನೋಡಿ ನಗಬಹುದು. ನಗಲಿ. ಅಲ್ಲಿ ಮುಳ್ಳು ಹೆಸರಿನಲ್ಲಿದೆ. ಇಲ್ಲಿ ಹೆಸರೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಇದೆ.

ಈಗ ಜಲಪ್ರಕರಣ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಟೈಟಾನಿಯಂ ಚಮಚ ಮಾಡಿದ ನಾಗರಿಕತೆಗೂ ಟೈಟಾನಿಯಂ ನೀರು ಮಾಡಲಾಗಿಲ್ಲ. ಮರುಭೂಮಿಯಲ್ಲಿ ಒಬ್ಬನಿಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಎಂದರೆ 3.8 ಲೀಟರ್ ನೀರು ಬೇಕೆಂಬುದು ಅಲ್ಲಿಯ ಸಾಮಾನ್ಯ ಬುದ್ಧಿವಾದ. ಮೂರು ದಿನದ ಬೇಟೆಗೆ ಹನ್ನೊಂದು ಕಿಲೋ ದಾಟಿತು. ಇನ್ನೂ ಬಂದೂಕಿನ ಸುದ್ದಿಯನ್ನೇ ಎತ್ತಿಲ್ಲ. ದಾರಿಯಲ್ಲಿ ನೀರು ಸಿಗದೆ ಎಂದು ಪೂರ್ವಪಕ್ಷದವರು ಕೇಳುತ್ತಾರೆ. ಸಿಗುತ್ತದೆ. ಬಂಡೆಯ ಕುಳಿಗಳಲ್ಲಿ ಮಳೆನೀರು ನಿಲ್ಲುವುದುಂಟು, ಅವಕ್ಕೆ ತಿನಾಹಾ ಎನ್ನುತ್ತಾರೆ. ಆದರೆ ಅದು ತುಂಬಿದೆಯೋ ಒಣಗಿದೆಯೋ ತಿಳಿಯಬೇಕಾದರೆ ಅಲ್ಲಿಗೆ ಹೋಗಬೇಕು. ಹೋಗಬೇಕಾದರೆ ನೀರು ಬೇಕು. ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯ ದೋಷವೆನ್ನುತ್ತಾರೆ. ಹಾಗಾದರೆ ಹೆಚ್ಚು ನೀರು ಹೊತ್ತರಾಯಿತು ಎಂದರೆ, ಹೆಚ್ಚು ಹೊತ್ತವನು ಹೆಚ್ಚು ಬೆವರುತ್ತಾನೆ, ಹೆಚ್ಚು ಬೆವರಿದವನಿಗೆ ಇನ್ನಷ್ಟು ನೀರು ಬೇಕು, ಅದನ್ನು ಹೊತ್ತರೆ ಮತ್ತೆ ಬೆವರು. ಇದು ಅನವಸ್ಥಾ ದೋಷ. ಎರಡು ದೋಷಗಳ ನಡುವೆ ಸಿಕ್ಕಿಬಿದ್ದ ಚಾರಣಿಗ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿ ಎಂಟು ಗ್ರಾಮ್ ಉಳಿಸುತ್ತಾನೆ. ಆಮೇಲೆ ಮೂರುಕಾಲಿನ ಟ್ರೈಪಾಡನ್ನು ಚೀಲಕ್ಕೆ ಕಟ್ಟುತ್ತಾನೆ.

ಟ್ರೈಪಾಡ್ ಬಂದಲ್ಲಿ ದೃಷ್ಟಿಪ್ರಕರಣ ಬಂದಂತೆಯೇ. ಈ ಬೆಟ್ಟಗಳಲ್ಲಿ ಬೇಟೆಯೆಂದರೆ ಬಹುಪಾಲು ಕೂತು ನೋಡುವುದು; ಅದಕ್ಕೆ ಅವರು ಗ್ಲಾಸಿಂಗ್ ಎನ್ನುತ್ತಾರೆ. ಇದರಲ್ಲಿ ಮೂರು ಮತಗಳು. ದ್ವೈತಿಗಳು ಎರಡು ಕಣ್ಣಿನ ಬೈನಾಕ್ಯುಲರಿನವರು. ಹದಿನೈದು ಪಟ್ಟು ದೊಡ್ಡದಾಗಿ ತೋರಿಸುವ, 56 ಮಿಲಿಮೀಟರ್ ಗಾಜಿನ ಭಾರೀ ಬೈನಾಕ್ಯುಲರನ್ನು ಟ್ರೈಪಾಡಿನ ಮೇಲೆ ಪ್ರತಿಷ್ಠಾಪಿಸುತ್ತಾರೆ. ನೋಡುವವನು ಬೇರೆ, ಟಗರು ಬೇರೆ, ಈ ಭೇದ ನಿತ್ಯವೆಂಬುದು ಅವರ ವಾದ. ನಡುವೆ ಎರಡು ಮೈಲಿಯ ಕಣಿವೆ ಇರುವುದರಿಂದ ಬೇರೆ ಪ್ರಮಾಣ ಬೇಕಿಲ್ಲ. ಅದ್ವೈತಿಗಳು ಒಂದು ಕಣ್ಣು ಮುಚ್ಚಿ ಸ್ಪಾಟಿಂಗ್ ಸ್ಕೋಪಿನಲ್ಲಿ ಅರವತ್ತು ಪಟ್ಟು ನೋಡುವವರು. ಬಿಸಿಲೇರಿ ನೆಲದ ಮೇಲಿನ ಗಾಳಿ ನಡುಗತೊಡಗಿದೊಡನೆ ಇವರಿಗೆ ಬಂಡೆಗೂ ಟಗರಿಗೂ ಇದ್ದ ಭೇದ ಅಳಿದುಹೋಗುತ್ತದೆ. ನಡುಹಗಲಿಗೆ ಜಗತ್ತು ಮಿಥ್ಯೆಯೆಂಬುದು ಸ್ವಾನುಭವಕ್ಕೆ ಬಂದು ಊಟಕ್ಕೇಳುತ್ತಾರೆ. ಎರಡನ್ನೂ ಹೊತ್ತು ತಂದು, ಎರಡಕ್ಕೂ ಟ್ರೈಪಾಡೇ ಶರೀರವೆನ್ನುವ ವಿಶಿಷ್ಟಾದ್ವೈತಿಗಳೂ ಇದ್ದಾರೆ. ಅವರ ದರ್ಶನ ಸಮಗ್ರ. ಸೊಂಟ ಮಾತ್ರ ಉಳಿದಿಲ್ಲ.

ಮತ ಯಾವುದಾದರೂ ಸಾಧನಾಮಾರ್ಗ ಒಂದೇ. ಬೆಳಗಿನ ಸೂರ್ಯನಿಗೆ ಬೆನ್ನು ಕೊಟ್ಟು ಕೂರುವುದು, ಎದುರು ಬೆಟ್ಟವನ್ನು ಮನಸ್ಸಿನಲ್ಲೇ ಚೌಕ ಹಾಕಿಕೊಂಡು ಒಂದೊಂದೇ ಚೌಕವನ್ನು ಸೋಸುವುದು. ಇಡೀ ಪ್ರಾಣಿಯನ್ನು ಹುಡುಕುವವನಿಗೆ ಪ್ರಾಣಿ ಸಿಗದು. ನೆಟ್ಟಗೆ ನಿಂತ ಗಿಡಗಳ ನಡುವೆ ಅಡ್ಡಗೆರೆಯಂತೆ ಕಾಣುವ ಬೆನ್ನು, ಕಿವಿಯ ಒಂದು ಅಲುಗು, ಕೊಂಬಿನ ಬಾಗು, ಎಲ್ಲಕ್ಕಿಂತ ಮಿಗಿಲಾಗಿ ಹಿಂಭಾಗದ ಬಿಳಿ ಮಚ್ಚೆ, ಇವನ್ನು ಅರಸಬೇಕು. ಹೀಗಾಗಿ ಟಗರಿನ ವಿಷಯದಲ್ಲಿ ಮುಖದರ್ಶನಕ್ಕಿಂತ ಪೃಷ್ಠದರ್ಶನ ಶ್ರೇಷ್ಠವೆಂಬ ಸಂಪ್ರದಾಯ ಬೆಳೆದಿದೆ. ಯೋಗಶಾಸ್ತ್ರದಲ್ಲಿ ಆಸನ ಮೂರನೆಯ ಅಂಗ. ಗ್ಲಾಸಿಂಗಿನಲ್ಲಿ ಮೊದಲನೆಯದು, ಫೋಮಿನದು, ಮಡಚಿ ಚೀಲಕ್ಕೆ ಸಿಗಿಸುವಂಥದು. ಅದಿಲ್ಲದೆ ಕಲ್ಲಿನ ಮೇಲೆ ಕೂತವನಿಗೆ ಟಗರು ಕಾಣುವ ಮೊದಲು ವೈರಾಗ್ಯ ಬರುತ್ತದೆ. ಮರಕ್ಕೆ ಕಟ್ಟಿ ಬರುವ ಟ್ರೇಲ್ ಕ್ಯಾಮೆರಾಗಳಿಂದ ಈ ತಪಸ್ಸು ತಪ್ಪೀತೆಂದು ಹಲವರು ಆಸೆಪಟ್ಟಿದ್ದರು. ನೀರಿನ ತಾಣಗಳ ಸುತ್ತ ಕ್ಯಾಮೆರಾಗಳೇ ಮುತ್ತಿಕೊಂಡವು. 2022ರ ಜನವರಿ 1ರಿಂದ ಬೇಟೆಗೆ ಅವನ್ನು ಬಳಸುವುದನ್ನು ಅರಿಜೋನಾ ನಿಷೇಧಿಸಿತು. ಸರ್ಕಾರವೊಂದು ಪ್ರಜೆಯ ಬೆನ್ನಿನ ಭಾರ ಇಳಿಸಿದ್ದಕ್ಕೆ ಈ ಪ್ರಬಂಧದಲ್ಲಿ ಸಿಗುವ ನಿದರ್ಶನ ಇದೊಂದೇ.

ಬಟ್ಟೆ, ಬೂಟು, ಒಣಗಿಸಿದ ಊಟ ಇವುಗಳ ಚರ್ಚೆ ಅಂಗಡಿಯ ಕ್ಯಾಟಲಾಗುಗಳಲ್ಲಿ ವಿಸ್ತಾರವಾಗಿದೆ, ನಾವು ಮುಟ್ಟುವುದಿಲ್ಲ. ಬಾಚಣಿಗೆಯನ್ನು ಮಾತ್ರ ಬಿಡುವಂತಿಲ್ಲ. ಟೆಡ್ಡಿ ಬೇರ್ ಚೋಯಾ ಎಂಬ ಪಾಪಾಸುಕಳ್ಳಿ ದೂರದಿಂದ ಮೆತ್ತನೆಯ ಮುದ್ದು ಆಟಿಕೆಯಂತೆ ಕಾಣುತ್ತದೆ. ಹತ್ತಿರ ಹೋದವನ ಮೈಗೆ ಅದರ ತುಂಡೊಂದು ಕಳಚಿ ಅಂಟಿಕೊಳ್ಳುತ್ತದೆ. ಮುಳ್ಳಿನ ತುದಿಯಲ್ಲಿ ಕಣ್ಣಿಗೆ ಕಾಣದ ಹಿಂಗೊಕ್ಕೆಗಳಿರುವುದರಿಂದ ಒಳಹೋದದ್ದು ಹೊರಬರಲೊಲ್ಲದು. ಕೈಯಿಂದ ಕಿತ್ತರೆ ಕೈಗೆ, ಮತ್ತೊಂದು ಕೈಯಿಂದ ಬಿಡಿಸಿದರೆ ಮತ್ತೊಂದು ಕೈಗೆ. ಹೀಗೆ ಹರಡುವುದೇ ಅದರ ವಂಶವೃದ್ಧಿಯ ಮಾರ್ಗ: ಬಿದ್ದ ತುಂಡು ಬಿದ್ದಲ್ಲೇ ಬೇರೂರುತ್ತದೆ. ಚೋಯಾದ ದೃಷ್ಟಿಯಿಂದ ಸಾವಿರಾರು ಡಾಲರಿನ ಸಾಮಾನು ಹೊತ್ತ ಬೇಟೆಗಾರ ಒಂದು ಸಾಗಣೆ ವ್ಯವಸ್ಥೆ, ಅಷ್ಟೆ. ಪರಿಹಾರವೆಂದರೆ ಬಾಚಣಿಗೆಯ ಹಲ್ಲನ್ನು ಚರ್ಮಕ್ಕೂ ತುಂಡಿಗೂ ನಡುವೆ ತೂರಿಸಿ ಒಮ್ಮೆಲೇ ಹಾರಿಸುವುದು. ಎದುರು ನಿಂತ ಗೆಳೆಯ ಪಕ್ಕಕ್ಕೆ ಸರಿದಿದ್ದಾನೆಯೇ ಎಂದು ಮೊದಲೇ ನೋಡಿಕೊಳ್ಳುವುದು ಶಿಷ್ಟಾಚಾರ. ತಲೆಯಲ್ಲಿ ಒಂದು ಕೂದಲಿಲ್ಲದವರೂ ಭಕ್ತಿಯಿಂದ ಬಾಚಣಿಗೆ ಒಯ್ಯುವುದು ಭೂಮಂಡಲದಲ್ಲಿ ಈ ಸೀಮೆಯಲ್ಲಿ ಮಾತ್ರ ಇರಬೇಕು.

ಜೀವಿಗಳನ್ನು ನಾವು ಕುಲಗೋತ್ರದಿಂದ ಅಳೆಯದೆ ಹೊರೆಯಿಂದ ಅಳೆಯುತ್ತೇವೆ. ಕಾಂಗರೂ ಇಲಿ ಉತ್ತಮಾಧಿಕಾರಿ. ಹಿಡಿಯಲ್ಲಿ ಹಿಡಿಯುವಷ್ಟಿರುವ ಇದು ನೀರು ಕುಡಿಯದೆಯೇ ಆಯುಷ್ಯ ಕಳೆಯಬಲ್ಲದು. ತಿಂದ ಬೀಜ ದೇಹದಲ್ಲಿ ಕರಗುವಾಗ ಹುಟ್ಟುವ ತೇವವೇ ಅದಕ್ಕೆ ಸಾಕು. ಜ್ಯಾಕ್‌ರ‍್ಯಾಬಿಟ್ ಮೊಲ ತನ್ನ ಮೈಯ ಶಾಖವನ್ನು ಕಳೆಯುವ ಯಂತ್ರವನ್ನು ಕಿವಿಯೆಂಬ ಹೆಸರಿನಲ್ಲಿ ತಲೆಯ ಮೇಲೆ ಹೊತ್ತಿದೆ. ಆಮೆ ನೀರಿನ ದಾಸ್ತಾನನ್ನು ಮೂತ್ರಕೋಶದಲ್ಲೇ ಇಟ್ಟುಕೊಂಡಿದೆ. ಮುದ್ದಿಗೆಂದು ಯಾರಾದರೂ ಎತ್ತಿಕೊಂಡರೆ ಹೆದರಿ ಅದನ್ನು ಚೆಲ್ಲಿಬಿಡಬಹುದು, ಚೆಲ್ಲಿದ ಆಮೆ ಬಾಯಾರಿ ಸಾಯಲೂಬಹುದು. ಆದ್ದರಿಂದ ದಯಾವಂತರು ಆಮೆಯನ್ನು ದೂರದಿಂದಲೇ ಪ್ರೀತಿಸತಕ್ಕದ್ದು. ಹಾವೆಲೀನಾ ಹಂದಿಯಂತೆ ಕಂಡರೂ ಹಂದಿಯಲ್ಲ, ಪೆಕರಿ ಎಂಬ ಬೇರೆಯೇ ಕುಲ. ಅದಕ್ಕೆ ಕಣ್ಣು ಮಂದ, ಮೂಗು ಚುರುಕು. ಬೇಟೆಗಾರನ ಬೆಲೆಬಾಳುವ ಮರೆವೇಷದ ಅಂಗಿಯನ್ನು ಅದು ನೋಡುವುದೇ ಇಲ್ಲ, ಒಳಗಿನ ಬೆವರನ್ನು ಮಾತ್ರ ಓದಿಕೊಳ್ಳುತ್ತದೆ.

ಹೀಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿ ಜೀವಮಾನದ ಬಹುಭಾಗವನ್ನು ಬಿಲದಲ್ಲೇ ಕಳೆಯುತ್ತದೆ, ಕೊಬ್ಬನ್ನು ಬಾಲದಲ್ಲಿ ಜಮೆ ಮಾಡಿಟ್ಟು ವರ್ಷಕ್ಕೆ ಕೆಲವೇ ಊಟದಲ್ಲಿ ಬದುಕುತ್ತದೆ. ಅದರ ವಿಷದಲ್ಲಿ ಸಿಕ್ಕ ಅಂಶವೊಂದರ ಜಾಡು ಹಿಡಿದು ತಯಾರಾದ ಎಕ್ಸೆನಟೈಡ್ ಎಂಬ ಮಧುಮೇಹದ ಚುಚ್ಚುಮದ್ದಿಗೆ 2005ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಏನನ್ನೂ ಬೆನ್ನಟ್ಟದೆ ಮಲಗಿದ್ದವನಿಂದ ಲೋಕಕ್ಕಾದ ಉಪಕಾರ ಇಷ್ಟು. ಬೆನ್ನಟ್ಟಿದವರಿಂದ ಆದದ್ದರ ಲೆಕ್ಕ ಇನ್ನೂ ಸಿದ್ಧವಾಗಿಲ್ಲ. ಸಸ್ಯವರ್ಗದಲ್ಲಿ ಸಗ್ವಾರೋ ಕಳ್ಳಿ ಟನ್ನುಗಟ್ಟಲೆ ನೀರು ಹೊತ್ತು ನಿಲ್ಲುತ್ತದೆ. ಮೊದಲ ತೋಳು ಮೂಡಲು ಅರ್ಧ ಶತಮಾನಕ್ಕೂ ಹೆಚ್ಚು ಬೇಕು. 1982ರಲ್ಲಿ ಫೀನಿಕ್ಸ್ ನಗರದ ಆಚೆ ಒಬ್ಬಾತ ಮೋಜಿಗೆಂದು ಸಗ್ವಾರೋಗಳಿಗೆ ಗುಂಡು ಹೊಡೆಯತೊಡಗಿದ. ಅದರಲ್ಲೊಂದರ ತೋಳು ಮುರಿದು ಅವನ ಮೇಲೇ ಬಿದ್ದು ಅವನು ಸತ್ತ. ನಡೆಯಲಾರದ ಜೀವಿ ಬೇಟೆಗಾರನನ್ನು ಕೊಂದ ಈ ಪ್ರಕರಣವನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಭಾರದ ಪ್ರಶ್ನೆಗೆ ಆ ದೇಶ ಒಮ್ಮೆ ಸರಿಯುತ್ತರ ಕಂಡುಕೊಂಡಿತ್ತೆಂಬುದನ್ನು ದಾಖಲಿಸಲೇಬೇಕು. 1855ರಲ್ಲಿ ಅಮೆರಿಕದ ಸಂಸತ್ತು 30,000 ಡಾಲರ್ ಮಂಜೂರು ಮಾಡಿ ಸೈನ್ಯಕ್ಕೆ ಒಂಟೆಗಳನ್ನು ತರಿಸಿತು. 1857ರಲ್ಲಿ ಅವು ಅರಿಜೋನಾ ಹಾಯ್ದು ಕ್ಯಾಲಿಫೋರ್ನಿಯಾ ಮುಟ್ಟಿದವು. ಹೇಸರಗತ್ತೆ ಹೊರಲಾರದ್ದನ್ನು ಹೊತ್ತವು, ಮುಳ್ಳುಗಿಡವನ್ನೇ ಮೇದವು. ಅಷ್ಟರಲ್ಲಿ ಅಂತರ್ಯುದ್ಧ ಬಂತು, ಯೋಜನೆ ಬಿದ್ದುಹೋಯಿತು, ಒಂಟೆಗಳನ್ನು ಹರಾಜು ಹಾಕಿದರು. ಅವುಗಳ ಜತೆ ಬಂದ ಹಾಜಿ ಅಲಿ, ಅಲ್ಲಿನವರ ಬಾಯಲ್ಲಿ ಹೈ ಜಾಲಿ, 1902ರಲ್ಲಿ ತೀರಿಕೊಂಡ. ಕೋಫಾ ಬೆಟ್ಟಗಳಿಗೆ ಸಮೀಪದ ಕ್ವಾರ್ಟ್ಜ್‌ಸೈಟ್ ಊರಿನಲ್ಲಿ ಅವನ ಗೋರಿಯ ಮೇಲೆ ಕಲ್ಲಿನ ಪಿರಮಿಡ್ಡಿದೆ, ಪಿರಮಿಡ್ಡಿನ ನೆತ್ತಿಯಲ್ಲಿ ಲೋಹದ ಒಂಟೆಯಿದೆ. ಬೇಟೆಗಾರರು ತಂತಮ್ಮ ಚೀಲ ಹೊತ್ತು ಅದರ ಹತ್ತಿರದಿಂದಲೇ ಬೆಟ್ಟಕ್ಕೆ ಹೋಗುತ್ತಾರೆ.

ಇನ್ನು ಕರ್ಮಕಾಂಡ. ಮರುಭೂಮಿಯ ಬಿಗ್‌ಹಾರ್ನ್ ಟಗರನ್ನು ಹೊಡೆಯಲು ಲಾಟರಿಯಲ್ಲಿ ಪರವಾನಗಿ ಏಳಬೇಕು. ಪರವಾನಗಿಗಳು ನೂರರ ಆಸುಪಾಸು, ಅರ್ಜಿದಾರರು ಸಾವಿರಾರು. ಚೀಟಿ ಏಳದವನ ಖಾತೆಗೆ ವರ್ಷಕ್ಕೊಂದು ಬೋನಸ್ ಪಾಯಿಂಟ್ ಸೇರುತ್ತದೆ. ಪಾಯಿಂಟ್ ಬೆಳೆದಷ್ಟೂ ಚೀಟಿಯ ಸಂಭವ ಬೆಳೆಯುತ್ತದೆ. ಕೂಡಿಟ್ಟ ಪಾಯಿಂಟು ಸಂಚಿತ, ಏಳುವ ಚೀಟಿ ಪ್ರಾರಬ್ಧ, ಮುಂದಿನ ವರ್ಷದ ಅರ್ಜಿಶುಲ್ಕ ಆಗಾಮಿ. ಕರ್ಮಸಿದ್ಧಾಂತವನ್ನು ಇಷ್ಟು ನಿಖರವಾಗಿ ಕಂಪ್ಯೂಟರಿಗೆ ಅಳವಡಿಸಿದ ಇಲಾಖೆ ನಮ್ಮ ಪುಣ್ಯಭೂಮಿಯಲ್ಲೂ ಇದ್ದಂತಿಲ್ಲ. ಮೂವತ್ತರಲ್ಲಿ ಅರ್ಜಿ ಹಾಕತೊಡಗಿದವನಿಗೆ ಅರವತ್ತರಲ್ಲಿ ಚೀಟಿ ಎದ್ದರೆ ಆಶ್ಚರ್ಯವಿಲ್ಲ. ಅಷ್ಟರಲ್ಲಿ ಮೊಣಕಾಲಿನ ಅಧಿಕಾರ ಮುಗಿದಿರುತ್ತದೆ.

ಕಡೆಗೆ ಟಗರು. ಬಲಿತ ಟಗರಿನ ಕೊಂಬು ಮತ್ತು ತಲೆಬುರುಡೆ ಸೇರಿ 14 ಕಿಲೋವರೆಗೆ ತೂಗಬಹುದು. ವಯಸ್ಸನ್ನು ಕೊಂಬಿನ ಉಂಗುರಗಳಲ್ಲಿ ಎಣಿಸಬಹುದು. ಇಷ್ಟು ಭಾರ ಹೊತ್ತೂ ಅದು ಕಡಿದಾದ ಬಂಡೆಯ ಮೇಲೆ ಚೀಲವಿಲ್ಲದವನಂತೆ ಓಡಾಡುತ್ತದೆ. ಬಾಯಾರಿದರೆ ಪೀಪಾಯಿ ಕಳ್ಳಿಯನ್ನು ಕೊಂಬಿನಿಂದ ಒಡೆದು ತಿರುಳು ತಿನ್ನುತ್ತದೆ. ಆದರೆ ಅದರ ನಿಜವಾದ ಪಾಂಡಿತ್ಯ ಬೇರೆಯೇ ಇದೆ: ನೀರು ಹೊರುವ ಕೆಲಸವನ್ನು ಅದು ಮನುಷ್ಯನಿಗೆ ವಹಿಸಿಬಿಟ್ಟಿದೆ. ಬೆಟ್ಟಗಳಲ್ಲಿ ಮಳೆನೀರು ಹಿಡಿಯುವ ತೊಟ್ಟಿಗಳನ್ನು ಕಟ್ಟುವವರಲ್ಲಿ ಬೇಟೆಗಾರರ ಸಂಘದ ಸ್ವಯಂಸೇವಕರೇ ಬಹಳ. ಬರಗಾಲದಲ್ಲಿ ಹೆಲಿಕಾಪ್ಟರಿನಿಂದ ನೀರು ಸುರಿದದ್ದೂ ಉಂಟು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯಂತೆ ಬೇಟೆಯ ಬಂದೂಕು ಮತ್ತು ಮದ್ದುಗುಂಡಿನ ಮೇಲೆ ಶೇಕಡಾ 11 ತೆರಿಗೆಯಿದೆ, ಆ ಹಣ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. ಬಂದೂಕಿನಂಗಡಿಯ ರಸೀತಿಯ ಮೇಲೆ ಟಗರಿನ ಸಹಿ ಇಲ್ಲದಿರುವುದು ಔಚಿತ್ಯಭಂಗವೇ ಸರಿ.

ಪೂರ್ವಪಕ್ಷದವರು ಕಡೆಯ ಆಕ್ಷೇಪ ಎತ್ತುತ್ತಾರೆ: ಹೊಡೆದಾದ ಮೇಲಾದರೂ ಹೊರೆ ಇಳಿಯಬೇಕಲ್ಲ? ಇಲ್ಲ. ಹೊಡೆದ ಪ್ರಾಣಿಯ ಮಾಂಸ ಹಾಳುಮಾಡುವುದು ಅಲ್ಲಿ ಅಪರಾಧ. ಮಾಂಸ, ತಲೆ, ಚರ್ಮ, ಮೊದಲಿನ ಟ್ರೈಪಾಡು, ಬೈನಾಕ್ಯುಲರು, ಬಂದೂಕು ಎಲ್ಲವನ್ನೂ ಕತ್ತಲೆಯಲ್ಲಿ ಚೋಯಾಗಳ ನಡುವೆ ಕೆಳಗಿಳಿಸಬೇಕು. ಬರುವಾಗ ತನ್ನ ನೀರು, ಬರಗಾಲದಲ್ಲಿ ಟಗರಿನ ನೀರು, ಹೋಗುವಾಗ ಟಗರು. ಈ ಬೆಟ್ಟದಲ್ಲಿ ಹೊರೆಯಾಳು ಯಾರೆಂಬ ಪ್ರಶ್ನೆ ಇಲ್ಲಿಗೆ ಇತ್ಯರ್ಥವಾಯಿತೆಂದು ತಿಳಿಯತಕ್ಕದ್ದು. ಇಷ್ಟಾದರೂ ಮತ್ತೊಮ್ಮೆ ಹತ್ತುವ ಉಮೇದು ಉಳಿದವರ ಅವಗಾಹನೆಗೆ: ಅರಿಜೋನಾದ ನಿಯಮದಂತೆ ಮರುಭೂಮಿಯ ಬಿಗ್‌ಹಾರ್ನ್ ಟಗರು ಒಬ್ಬನಿಗೆ ಜೀವಮಾನಕ್ಕೆ ಒಂದೇ.