ಸ್ಕ್ಯಾನರ್ ರಾಯರು

ನಮ್ಮ ರಸ್ತೆಯಲ್ಲಿ ಯಾರ ಕಾರಿಗೆ ಏನಾದರೂ ಮೊದಲು ತಿಳಿಯುವುದು ರಾಯರಿಗೆ, ಮಾಲೀಕನಿಗೆ ಆಮೇಲೆ. ಬೆಳಿಗ್ಗೆ ಹಾಲು ತರಲು ಹೊರಟವರು ಗೇಟಿನ ಬಳಿ ನಿಂತು, ಮೂಗೆತ್ತಿ, "ಏನ್ರೀ, ಪೆಟ್ರೋಲ್ ವಾಸನೆ ಜಾಸ್ತಿ ಬರ್ತಿದೆ?" ಎಂದರೆ ಮುಗಿಯಿತು, ಆ ಭಾನುವಾರ ಅವರದ್ದು.

ಬ್ಯಾಂಕಿನಿಂದ ನಿವೃತ್ತರಾದ ಮೇಲೆ ರಾಯರು ಎರಡು ಯಂತ್ರ ಕೊಂಡರು. ಒಂದು ಬಿ.ಪಿ. ನೋಡುವುದು, ಇನ್ನೊಂದು ಬ್ಲೂಟೂತ್ ಸ್ಕ್ಯಾನರ್. ಮೊದಲನೆಯದರ ಪ್ರಯೋಗ ಮನೆಯವರ ಮೇಲೆ, ಎರಡನೆಯದರದ್ದು ನಮ್ಮ ಮೇಲೆ. ಬೆಂಕಿಪೊಟ್ಟಣದಷ್ಟಿರುವ ಆ ಸ್ಕ್ಯಾನರು ಹಳೆಯ ಕನ್ನಡಕದ ಡಬ್ಬಿಯಲ್ಲಿ ಸದಾ ಜೊತೆಗಿರುತ್ತದೆ. ಸ್ಟೀರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಅದನ್ನು ಸಿಕ್ಕಿಸಬೇಕಾದರೆ ಅರ್ಧ ಮೈ ಕಾರಿನೊಳಗೆ, ಅರ್ಧ ರಸ್ತೆಯ ಮೇಲೆ. ಪಂಚೆ ಉಟ್ಟವರಿಗೆ ಒಗ್ಗುವ ಭಂಗಿಯಲ್ಲ. ರಾಯರು ಇಂಥದ್ದಕ್ಕೆಲ್ಲ ಜಗ್ಗುವವರೂ ಅಲ್ಲ.

ನನ್ನ ಹಳೆಯ ಪೆಟ್ರೋಲ್ ಕಾರಿನಲ್ಲಿ ಚೆಕ್ ಎಂಜಿನ್ ದೀಪ ಹತ್ತಿದ್ದು ದೀಪಾವಳಿಯ ಮಾರನೇ ವಾರ. ರಾಯರ ಫೋನಿನಲ್ಲಿ ಪಿ0171 ಎಂದು ಮೂಡಿತು.

"ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ ದೂರು. ಆದ್ರೆ ವಾಸನೆ ನೋಡಿ, ಮೈಲೇಜ್ ನೋಡಿ, ಪೆಟ್ರೋಲೇ ಜಾಸ್ತಿ. ಹಾಗಾದ್ರೆ ಸುಳ್ಳು ಹೇಳ್ತಿರೋರು ಯಾರು? ಆಕ್ಸಿಜನ್ ಸೆನ್ಸರ್ರು!"

ಬ್ಯಾಂಕಿನ ತನಿಖೆಯಲ್ಲೂ ಹೀಗೇ ಹಿಡಿಯುತ್ತಿದ್ದರೋ ಏನೋ. ಸೆನ್ಸರನ್ನು ಬಾಷ್ ಕಂಪನಿ 1976ರಲ್ಲಿ ವೋಲ್ವೊ ಕಾರಿಗೆ ಮಾಡಿಕೊಟ್ಟಿದ್ದರಿಂದ ಹಿಡಿದು, ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕೆನ್ನುವವರೆಗೆ ಗೋತ್ರ ಪ್ರವರ ಒಪ್ಪಿಸಿದಂತೆ ಹೇಳಿ ಮುಗಿಸಿದರು. ಆಮೇಲೆ ಫೋನನ್ನು ನನ್ನ ಮೂಗಿಗೆ ಹಿಡಿದರು. "ನೆಟ್ಟಗಿರೋ ಸೆನ್ಸರ್ರು 0.1ರಿಂದ 0.9 ವೋಲ್ಟಿನ ಮಧ್ಯೆ ಉಯ್ಯಾಲೆ ಆಡ್ತಾ ಇರ್ಬೇಕು. ಇದು 0.1ರಲ್ಲೇ ಕೂತ್ಬಿಟ್ಟಿದೆ. ನಾಡಿ ಬಿದ್ದಿದೆ."

ನನ್ನ ಹೆಂಡತಿ ಕಾಫಿ ಕೊಡುತ್ತಾ, "ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಟಿಕ್ ಟಿಕ್ ಅನ್ನುತ್ತಲ್ಲ ರಾಯರೇ, ಅದೇನು?" ಎಂದಳು.

"ಅದು ಟ್ಯಾಪೆಟ್ಟಮ್ಮ. ವಯಸ್ಸಾದ ಎಂಜಿನ್ನು. ನನ್ನ ಮಂಡಿ ಅನ್ನೋಲ್ವೆ, ಹಾಗೆ."

ಜೆ.ಸಿ. ರಸ್ತೆಯಿಂದ ಹೊಸ ಸೆನ್ಸರ್ ಬಂತು. ಹಳೆಯದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. 22ರ ಸ್ಪ್ಯಾನರ್ ಎರಡು ಸಲ ಜಾರಿ ರಾಯರ ಬೆರಳಿನ ಗೆಣ್ಣು ಸುಲಿಯಿತು. ರಿಂಗ್ ಸ್ಪ್ಯಾನರ್ ಹಾಕೋಣವೆಂದರೆ ಸೆನ್ಸರಿನ ಬಾಲಕ್ಕೆ ವೈರು, ವೈರಿನ ತುದಿಗೆ ದಪ್ಪನೆಯ ಕನೆಕ್ಟರು, ತೂರುವುದಿಲ್ಲ. ರಾಯರು ಕಟಿಂಗ್ ಪ್ಲೇಯರ್ ಎತ್ತಿಕೊಂಡು ವೈರನ್ನು ಕಚಕ್ಕನೆ ಕತ್ತರಿಸಿದರು. "ಅಯ್ಯೋ" ಎಂದೆ. "ಹೆಣಕ್ಕೆ ಸೂಜಿ ಚುಚ್ಚಿದ್ರೆ ನೋವಾಗುತ್ತೇನ್ರೀ?" ಎಂದರು.

ಹೊಸದು ಕೂತಿತು, ಕೋಡ್ ಅಳಿಸಿದರು, ದೀಪ ಆರಿತು. ರಾಯರು ಇನ್ನೊಂದು ಲೋಟ ಕಾಫಿ ಕುಡಿದರು. ಮೂರನೇ ದಿನ ದೀಪ ಮತ್ತೆ ಹತ್ತಿತು. ಹೊಸ ಸೆನ್ಸರೂ 0.1ರಲ್ಲೇ ಕೂತಿತ್ತು.

"ಡೂಪ್ಲಿಕೇಟ್ ಮಾಲು ಕೊಟ್ಟಿದಾನೆ. ಇಲ್ಲಾಂದ್ರೆ ಆ ಕೆಳಗಿನ ಸೆನ್ಸರ್ರು. ಅದನ್ನೂ ಬದಲಾಯಿಸಿಬಿಡೋಣ." ಕೆಳಗಿನದು ಕ್ಯಾಟಲಿಟಿಕ್ ಕನ್ವರ್ಟರಿನ ಮೇಲೆ ಕಣ್ಣಿಡಲು ಇರುವಂಥದ್ದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಅಷ್ಟು ಹೇಳುವ ಧೈರ್ಯ ನನಗಿರಲಿಲ್ಲ. ರಾಯರು ಸಂಧ್ಯಾವಂದನೆಗೆ ಕೂತ ಹೊತ್ತು ನೋಡಿಕೊಂಡು ಕಾರನ್ನು ಗ್ಯಾರೇಜಿಗೆ ಓಡಿಸಿ, ರಾತ್ರಿ ಅಲ್ಲೇ ಬಿಟ್ಟುಬಂದೆ.

ಬೆಳಿಗ್ಗೆ ತಣ್ಣಗಿದ್ದ ಎಂಜಿನ್ನನ್ನು ಮೆಕ್ಯಾನಿಕ್ ನನ್ನೆದುರೇ ಸ್ಟಾರ್ಟ್ ಮಾಡಿಸಿದ. ಸ್ಕ್ಯಾನರ್ ಮುಟ್ಟಲಿಲ್ಲ. ಹುಡುಗನೊಬ್ಬ ಮಡಿಸಿದ ಬಟ್ಟೆಯನ್ನು ಸೈಲೆನ್ಸರ್ ಬಾಯಿಗೆ ಒತ್ತಿ ಹಿಡಿದ. ಬಾನೆಟ್ಟಿನೊಳಗಿನ ಟಿಕ್ ಟಿಕ್ ಸದ್ದು ಟುಸ್ ಟುಸ್ ಎಂದು ಜೋರಾಯಿತು. ಟಾರ್ಚ್ ಬಿಟ್ಟರೆ, ಎಂಜಿನ್ನಿಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೇರುವ ಜಾಗದಲ್ಲಿ, ದೇವರ ಗೂಡಿನ ಗೋಡೆಗೆ ಹಿಡಿದಿರುತ್ತದಲ್ಲ, ಅಂಥದೇ ಮಸಿ.

"ಗ್ಯಾಸ್ಕೆಟ್ ಹೋಗಿದೆ ಸಾರ್. ಹೊಗೆ ಆಚೆ ಬರೋ ಸಂದೀಲೇ ಗಾಳೀನೂ ಒಳಗೆ ಎಳ್ಕೊಳ್ಳುತ್ತೆ. ಸೆನ್ಸರಿಗೆ ಗಾಳಿ ಸಿಕ್ತು, ಗಾಳಿ ಇದೆ ಅಂತು. ಕಂಪ್ಯೂಟರ್ ನಂಬ್ಕೊಂಡು ಪೆಟ್ರೋಲ್ ಸುರೀತು. ಹಳೇ ಸೆನ್ಸರ್ ಇದೆಯಾ? ಚೆನ್ನಾಗೇ ಇರುತ್ತೆ ಅದು."

ಡಿಕ್ಕಿಯಿಂದ ತೆಗೆದುಕೊಟ್ಟೆ. ಮೋಟುಬಾಲದ ಅದನ್ನು ಒಂದು ಸಲ ನೋಡಿದ, ನನ್ನನ್ನು ಒಂದು ಸಲ ನೋಡಿದ. ಏನೂ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದವರ ಮುಖ ಅವನು ದಿನಾ ನೋಡುತ್ತಿರಬೇಕು. ಗ್ಯಾಸ್ಕೆಟ್ಟಿನ ಬೆಲೆ ಹೊಸ ಸೆನ್ಸರಿನ ಹತ್ತರಲ್ಲೊಂದು ಪಾಲೂ ಇರಲಿಲ್ಲ.

ಸಂಜೆ ರಾಯರು ಗೇಟಿಗೆ ಬಂದರು. ಎಲ್ಲ ಹೇಳಿದೆ. ಮುಖ ಸಣ್ಣದಾಗಬಹುದೆಂದು ಕಾದದ್ದೇ ಬಂತು.

"ನಾನು ಮೊದಲ ದಿನಾನೇ ಹೇಳ್ಲಿಲ್ವೇನ್ರೀ, ಇದು ಗಾಳಿ ವಿಷಯ ಅಂತ?" ಎಂದು ಕನ್ನಡಕದ ಡಬ್ಬಿ ಸವರಿಕೊಂಡರು. ಹೊರಟವರು ಎದುರುಮನೆಯ ಕಡೆ ಮೂಗೆತ್ತಿ ನಿಂತು, ಮತ್ತೆ ಈ ಕಡೆ ತಿರುಗಿದರು.

"ನನ್ನ ಕಟಿಂಗ್ ಪ್ಲೇಯರ್ ನಿಮ್ಮನೇಲೇ ಉಳ್ಕೊಂಡಿದೆ. ಸ್ವಲ್ಪ ಕೊಡ್ತೀರಾ?"