ವೈಶಂಪಾಯನನ ಬೆನ್ನು, ನನ್ನ ಸೊಂಟ

ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯಲ್ಲಿ ಒಂದು ಗಿಳಿಮರಿ ಬರುತ್ತದೆ. ರೆಕ್ಕೆ ಬಲಿತಿಲ್ಲ, ತಂದೆಯನ್ನು ಬೇಡ ಕೊಂದಿದ್ದಾನೆ, ಮರದಿಂದ ತರಗೆಲೆಯ ಮೇಲೆ ಬಿದ್ದು ಬಾಯಾರಿ ಒದ್ದಾಡುತ್ತಿದೆ. ದಾರಿಯಲ್ಲಿ ಬಂದ ಮುನಿಕುಮಾರ ಹಾರೀತ ಅದನ್ನೆತ್ತಿ, ಬಾಯಿಗೆ ನಾಲ್ಕು ಹನಿ ನೀರು ಬಿಟ್ಟು, ಆಶ್ರಮಕ್ಕೆ ಒಯ್ಯುತ್ತಾನೆ. ಮರಿ ಬದುಕುತ್ತದೆ. ಬದುಕುವುದೇನು, ವೈಶಂಪಾಯನ ಎಂಬ ಹೆಸರು ಹೊತ್ತು ಶೂದ್ರಕ ಮಹಾರಾಜನ ಆಸ್ಥಾನದಲ್ಲಿ ನಿಂತು ಕಥೆಯನ್ನೇ ಹೇಳುತ್ತದೆ. ಈ ಭಾಗವನ್ನು ಪದವಿ ತರಗತಿಗಳಿಗೆ ಪಾಠ ಮಾಡಿಯೇ ನಿವೃತ್ತನಾದ ನನಗೆ, ಹಕ್ಕಿಮರಿ ಸಾಕುವುದರಲ್ಲಿ ಅಂಥ ಕಷ್ಟವೇನೂ ಕಂಡಿರಲಿಲ್ಲ. ಹಾರೀತ ನೀರು ಬಿಟ್ಟ ರೀತಿಯನ್ನು ಮುಂದೊಂದು ದಿನ ಹಕ್ಕಿಗಳ ಡಾಕ್ಟರಮ್ಮನಿಗೆ ರಸವತ್ತಾಗಿ ವರ್ಣಿಸಿದೆ. “ಶ್ವಾಸಕೋಶಕ್ಕೆ ಹೋಗದೇ ಇದ್ದದ್ದು ಅದೃಷ್ಟ ಅಂಕಲ್” ಎಂದರು. ಮೂಲ ಸಂಸ್ಕೃತ ಕಾದಂಬರಿ ಬರೆದ ಬಾಣಭಟ್ಟನ ಬಗ್ಗೆ ಇಷ್ಟು ಖಾರವಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಓದಿಲ್ಲ.

ನನಗೆ ಬೇಕಾಗಿದ್ದದ್ದು ಕೊರಳಲ್ಲಿ ಕೆಂಪು ಪಟ್ಟಿಯಿರುವ ನಮ್ಮ ಹಸಿರು ಗಿಳಿ. ಮಗಳು ತಡೆದಳು. “ಅಪ್ಪಾ, 1972ರ ವನ್ಯಜೀವಿ ಕಾಯ್ದೆ. 2022ರ ತಿದ್ದುಪಡಿ ಆದಮೇಲೆ ಅದು ಎರಡನೇ ಪರಿಚ್ಛೇದದಲ್ಲಿದೆ. ಸಾಕಿದರೆ ದಂಡವೂ ಉಂಟು, ಜೈಲೂ ಉಂಟು.” ಗಿಳಿಶಾಸ್ತ್ರದವರು ರಸ್ತೆ ಬದಿಯಲ್ಲೇ ಪಂಜರ ಇಟ್ಟುಕೊಂಡು ಕೂರುತ್ತಿದ್ದರಲ್ಲ ಎಂದೆ. “ತಮ್ಮ ಭವಿಷ್ಯ ಮಾತ್ರ ನೋಡ್ಕೊಂಡಿರಲಿಲ್ಲ” ಎಂದಳು. ಆಫ್ರಿಕನ್ ಗ್ರೇ, ಸನ್ ಕನ್ಯೂರ್‌ಗಳಿಗೆ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ನೋಂದಣಿ ಆಗಬೇಕು. ನನ್ನ ಪಿಂಚಣಿಯೇ ಜಾಲತಾಣವೊಂದರಲ್ಲಿ ಸಿಕ್ಕಿಕೊಂಡಿದ್ದ ಕಾಲ ಅದು. ಹಾಗಾಗಿ ಆಸ್ಟ್ರೇಲಿಯ ಮೂಲದ, ತಲೆ ಮೇಲೆ ಜುಟ್ಟಿರುವ ಕಾಕಟೀಲ್ ಸಾಕು ಎಂದು ತೀರ್ಮಾನವಾಯಿತು.

ಅಂಗಡಿಯವನು ಮನುಷ್ಯನ ಮನಸ್ಸನ್ನು ಬಲ್ಲವನು. ತಾನೇ ಕಾಳು ಬಿಡಿಸಿ ತಿನ್ನುವ ಹಕ್ಕಿಗೆ ಒಂದು ಬೆಲೆ ಹೇಳಿದ, ಇನ್ನೂ ಗುಟುಕು ತಿನ್ನುವ ಮರಿಗೆ ಅದರ ಅರ್ಧ. “ಮರೀನೇ ತಗೊಳ್ಳಿ ಸಾರ್. ನಿಮ್ಮ ಕೈಯಾರೆ ತಿನ್ನಿಸಿದ್ರೆ ನಿಮ್ಮನ್ನೇ ಅಮ್ಮ ಅಂದ್ಕೊಳ್ಳತ್ತೆ.” ಮಗಳು ಹುಟ್ಟಿದಾಗ ಮೌಲ್ಯಮಾಪನಕ್ಕೆಂದು ಧಾರವಾಡದಲ್ಲಿದ್ದವನು ನಾನು, ಅವಳಿಗೆ ಒಂದು ತುತ್ತು ತಿನ್ನಿಸಿದ ನೆನಪಿಲ್ಲ. ಈಗ ತಾಯ್ತನ ಅರ್ಧ ಬೆಲೆಗೆ ಸಿಗುತ್ತಿದೆ! ಮರಿ ಪೂರ್ತಿ ಸ್ವಂತವಾಗಿ ತಿನ್ನಲು ಎಂಟು ಹತ್ತು ವಾರ ಬೇಕು, ಅಷ್ಟರಲ್ಲಿ ಸಾಯುವ ಸಂಭವವೂ ಇದೆ, ಆ ದುಡಿಮೆಯನ್ನೂ ನಷ್ಟವನ್ನೂ ಅವನು ನನ್ನ ತಲೆಗೆ ಕಟ್ಟುತ್ತಿದ್ದಾನೆ ಎಂಬುದು ಹೊಳೆಯಲಿಲ್ಲ. ಹೊಳೆಯದ್ದಕ್ಕೆ ನಾನು ಧನ್ಯವಾದವನ್ನೂ ಹೇಳಿದೆ.

ಮರಿ ಸ್ವಲ್ಪ ಗೂನಾಗಿ ಕೂತಿತ್ತು. ಬಾಲ ಒಂದು ಕಡೆಗೆ ವಾಲಿತ್ತು. ಕೇಳಿದೆ. “ಚಿಕ್ಕದಲ್ವಾ ಸಾರ್, ನಿದ್ದೆ. ಬೆಳೀತಾ ಸರಿ ಹೋಗತ್ತೆ.” ನಾನಂತೂ ಅದನ್ನು ವಿದ್ಯೆಯಿಂದ ಬಂದ ವಿನಯ ಎಂದೇ ವ್ಯಾಖ್ಯಾನಿಸಿಕೊಂಡು, ವೈಶಂಪಾಯನ ಎಂದು ಅಲ್ಲೇ ನಾಮಕರಣ ಮಾಡಿದೆ. ಮನೆಗೆ ಬಂದಾಗ ಹೆಂಡತಿ, “ಅಷ್ಟುದ್ದ ಹೆಸರು ಕೂಗೋ ಹೊತ್ತಿಗೆ ಬೆಕ್ಕು ಬಂದು ಹೋಗಿರತ್ತೆ ರೀ” ಎಂದಳು. ಸಂಜೆಗೆ ಅದು ‘ಪಾಯಸ’ ಆಗಿತ್ತು.

ಇನ್ನು ಉಣಿಸುವ ಕಾಂಡ. ಪುಡಿಯ ಡಬ್ಬಿಯ ಮೇಲೆ ಇರುವೆ ಗಾತ್ರದ ಅಕ್ಷರಗಳಲ್ಲಿ ಸೂಚನೆಗಳಿದ್ದವು. ಗಂಜಿಯ ಬಿಸಿ 39ರಿಂದ 41 ಡಿಗ್ರಿ ಸೆಲ್ಸಿಯಸ್ ಇರಬೇಕು. ಹೆಚ್ಚಾದರೆ ಮರಿಯ ಕತ್ತಿನ ಬುಡದ ಆಹಾರಚೀಲ ಒಳಗೇ ಸುಡುತ್ತದೆ. ಕೆಲವು ದಿನ ಕಳೆದು ಸುಟ್ಟ ಜಾಗ ತೂತಾಗಿ, ತಿಂದದ್ದು ಕತ್ತಿನಿಂದಲೇ ಹೊರಗೆ ಬರುವುದೂ ಉಂಟು. ಕಡಿಮೆಯಾದರೆ ಅರಗದೆ ಚೀಲದಲ್ಲೇ ಹುಳಿಯುತ್ತದೆ. ಮನೆಯಲ್ಲಿದ್ದ ಜ್ವರದ ಥರ್ಮಾಮೀಟರನ್ನು ಗಂಜಿಗೆ ಅದ್ದಿದೆ. ಅದು ಕುಂಯ್ ಎನ್ನುವಷ್ಟರಲ್ಲಿ ಗಂಜಿ ಆರಿತು. ಮೈಕ್ರೋವೇವ್‌ನಲ್ಲಿಟ್ಟೆ, ಅಂಚು ತಣ್ಣಗೆ, ನಡುವೆ ಕುದಿ. ಕಲಸಿದೆ, ಗಂಟಾಯಿತು. ಪರಿಚಯವಿದ್ದ ಪಕ್ಷಿಪ್ರಿಯರೊಬ್ಬರು, ಸಿರಿಂಜನ್ನು ಕೊಕ್ಕಿನ ಎಡಗಡೆಯಿಂದ ಬಲಗಡೆಗೆ ಹಿಡಿಯಿರಿ, ನಾಲಿಗೆಯ ಹಿಂದೆಯೇ ಶ್ವಾಸನಾಳದ ಬಾಯಿ ಇರುತ್ತದೆ, ತಪ್ಪಿದರೆ ನ್ಯುಮೋನಿಯಾ ಎಂದಿದ್ದರು. ಎಡ ಅಂದರೆ ಅದರ ಎಡವೋ ನನ್ನದೋ? ರಾತ್ರಿ ಹೊತ್ತಿನಲ್ಲಿ ಫೋನ್ ಮಾಡಿ ಕೇಳುವ ಸಲುಗೆ ಇರಲಿಲ್ಲ. ನಡುಗುವ ಕೈಯಲ್ಲಿ ಒತ್ತಿದೆ. ನನ್ನ ಕನ್ನಡಕ ಉಂಡಿತು, ಗೋಡೆಯ ಪಂಚಾಂಗ ಉಂಡಿತು, ಹೆಂಡತಿಯ ಸೆರಗು ಉಂಡಿತು, ಉಳಿದದ್ದನ್ನು ಪಾಯಸ ಉಂಡಿತು. “ಆ ಥರ್ಮಾಮೀಟರ್ ನನ್ನ ಬಾಯಿಗಿಡಬೇಡಿ” ಎಂದಷ್ಟೇ ಹೇಳಿ ಹೆಂಡತಿ ಮಲಗಲು ಹೋದಳು.

ಡಬ್ಬಿ ಖಾಲಿಯಾದಾಗ ಹೊಸದರ ಬೆಲೆ ನೋಡಿ ನನ್ನಲ್ಲಿ ದೇಶೀಯತೆ ಜಾಗೃತವಾಯಿತು. ರಾಗಿ ತಿಂದು ಬೆಟ್ಟ ಕಿತ್ತವರ ನಾಡಿನಲ್ಲಿ ಹಕ್ಕಿಗೆ ಪರದೇಶದ ಪುಡಿಯೇಕೆ? ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ವಸ್ತ್ರಗಾಳಿತ ಮಾಡಿ ರಾಗಿ ಸರಿ ಕಾಯಿಸಿದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ ಎಂದು ಮಗಳಿಗೆ ಉಪನ್ಯಾಸ ಕೊಟ್ಟೆ. ಮರಿಯ ಪೆಟ್ಟಿಗೆಗೆ ಭಾನುವಾರದ ಸಾಹಿತ್ಯ ಪುರವಣಿ ಹಾಸಿದೆ. ನುಣುಪು ಕಾಗದದ ಮೇಲೆ ಅದರ ಕಾಲುಗಳು ಎರಡೂ ಬದಿಗೆ ಜಾರುತ್ತಿದ್ದವು. ಸಾಹಿತ್ಯ ಪುರವಣಿಯಲ್ಲಿ ಕಾಲೂರಲು ನನಗೇ ಆಗಿರಲಿಲ್ಲ. ನಾನದನ್ನು ದೋಷವೆಂದು ಎಣಿಸಲಿಲ್ಲ. ಬಂದವರಿಗೆಲ್ಲ ಅದನ್ನು ಅಂಗೈ ಮೇಲೆ ನಿಲ್ಲಿಸಿ ತೋರಿಸಿದೆ.

ಅಷ್ಟರಲ್ಲಿ ರಾತ್ರಿಯೆಲ್ಲ ಪೆಟ್ಟಿಗೆಯ ಮೇಲೆ ಬಗ್ಗಿ ಬಗ್ಗಿ ನನ್ನ ಸೊಂಟ ಹಿಡಿದುಕೊಂಡಿತು. ನನ್ನನ್ನು ಮೂಳೆ ಡಾಕ್ಟರ ಬಳಿಗೆ, ಪಾಯಸವನ್ನು ಹಕ್ಕಿ ಡಾಕ್ಟರ ಬಳಿಗೆ ಮಗಳು ಒಂದೇ ಆಟೋದಲ್ಲಿ ಸಾಗಿಸಿದಳು. ಹಕ್ಕಿಗೆ ಮತ್ತಿನ ಗಾಳಿ ಕೊಟ್ಟು ಎಕ್ಸ್-ರೇ ತೆಗೆದರು. ನನಗೆ ಮತ್ತಿಲ್ಲದೆ ತೆಗೆದಿದ್ದರು, ಬಿಲ್ಲು ನೋಡಿದಾಗ ತಾನಾಗಿ ಬಂದಿತ್ತು.

ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದರು. ಹಕ್ಕಿಯ ಬೆನ್ನುಮೂಳೆ ಹೆಚ್ಚಿನ ಭಾಗ ಬೆಸೆದುಕೊಂಡು ಗಟ್ಟಿಯಾಗಿರುತ್ತದಂತೆ. ಹಾರುವವರಿಗೆ ಬಳುಕುವ ಬೆನ್ನು ಆಗದು. ಪಾಯಸದ ಬೆನ್ನು ಪಕ್ಕಕ್ಕೂ ಸೊಟ್ಟಗಾಗಿತ್ತು, ಒಳಕ್ಕೂ ಬಾಗಿತ್ತು. “ಸ್ಕೋಲಿಯೋಸಿಸ್. ಜೊತೆಗೆ ಲಾರ್ಡೋಸಿಸ್.” ನಾನು ಚೀಲದಿಂದ ನನ್ನ ಫಿಲ್ಮ್ ತೆಗೆದು ಪಕ್ಕದಲ್ಲಿ ಹಿಡಿದೆ. ಅವರು ಎರಡನ್ನೂ ನೋಡಿ, “ಇದು ವಯಸ್ಸಿಗೆ ಬಂದದ್ದು ಅಂಕಲ್, ಅದಕ್ಕೆ ಇನ್ನೂ ವಯಸ್ಸೇ ಆಗಿಲ್ಲ” ಎಂದರು.

ಕಾರಣ ಒಂದೇ ಇರಬೇಕಿಲ್ಲ. ಮೊಟ್ಟೆಯಿಟ್ಟ ತಾಯಿಗೇ ಕ್ಯಾಲ್ಸಿಯಂ ಸಾಲದೆ ಇರಬಹುದು, ಗೂಡಿನಲ್ಲಿ ಪೆಟ್ಟಾಗಿರಬಹುದು, ಹುಟ್ಟಿನಿಂದಲೇ ಬಂದಿರಬಹುದು. ಅಂಗಡಿಯಲ್ಲಿ ಕಂಡ ವಿನಯ ಅದೇ. ಆದರೆ ಮುಂದಿನದಕ್ಕೆ ರಾಗಿಯೂ ಕೈ ಸೇರಿಸಿತ್ತು. ಡಿ3 ಜೀವಸತ್ವ ಇಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತದು, ರಾಗಿಯ ಫೈಟೇಟು ಇದ್ದದ್ದನ್ನೂ ಕಟ್ಟಿಹಾಕುತ್ತದೆ. ಬೆಳೆಯುವ ಮೂಳೆ ಮೆತ್ತಗೇ ಉಳಿದು ಭಾರಕ್ಕೆ ಬಾಗುತ್ತದೆ. ಬ್ರಿಟನ್ನಿನ ಪಶುವೈದ್ಯ ನೈಜೆಲ್ ಹಾರ್ಕೋರ್ಟ್-ಬ್ರೌನ್ 2003ರಲ್ಲೇ ಕೈತುತ್ತಿನ ಆಫ್ರಿಕನ್ ಗ್ರೇಗಳ ಎಕ್ಸ್-ರೇ ತೆಗೆದು, ಇಂಥ ಮೂಳೆ ವಿಕಾರ ಅವುಗಳಲ್ಲಿ ಎಷ್ಟು ಸಾಮಾನ್ಯ ಎಂದು ತೋರಿಸಿದ್ದಾರಂತೆ. ಗೂಡಿನಲ್ಲಿ ಮರಿಗಳು ಒಂದಕ್ಕೊಂದು ಒತ್ತಿಕೊಂಡು ಬಿದ್ದಿರುತ್ತವೆ, ಮೂಳೆ ಗಟ್ಟಿಯಾಗುವವರೆಗೆ ಅವಕ್ಕೆ ಅದೇ ಆಸರೆ. “ನೀವು ನಿಲ್ಲಿಸಿ ಗಿಲ್ಲಿಸಿ ತೋರಿಸ್ತಿರಲಿಲ್ಲ ತಾನೆ?” ಎಂದು ಕೇಳಿದರು. ಮಗಳು ಆಟೋ ನೋಡುವ ನೆಪದಲ್ಲಿ ಹೊರಗೆ ಹೋದಳು.

“ಅಮ್ಮ ಅಂದ್ಕೊಳ್ಳತ್ತೆ ಅಂದ” ಎಂದೆ, ಸಮರ್ಥನೆಗಾಗಿ. ಡಾಕ್ಟರಮ್ಮ ನಕ್ಕರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ಅಮೆಜಾನ್ ಗಿಳಿಮರಿಗಳನ್ನು ತಂದೆತಾಯಿಯ ಬಳಿಯೇ ಬಿಟ್ಟು, ಆಗಾಗ ಕೈಗೆತ್ತಿ ಆಡಿಸಿದರಷ್ಟೇ ಸಾಕು, ಪಳಗುತ್ತವೆ ಎಂದು 1999ರಲ್ಲೇ ತೋರಿಸಿದ್ದರಂತೆ. ಅಂದರೆ ನನ್ನ ನಿದ್ದೆ, ಸೊಂಟ, ಕನ್ನಡಕ ಎಲ್ಲವೂ ಅಧಿಕಪ್ರಸಂಗ.

ಕಾಲುಗಳಿಗೆ ಹತ್ತಿಯ ಕಟ್ಟು ಹಾಕಿದರು, ಅವು ಬಹುಮಟ್ಟಿಗೆ ಕೂಡಿಕೊಂಡವು. ಬೆನ್ನು ನೆಟ್ಟಗಾಗುವುದಿಲ್ಲ. ಪಂಜರದಲ್ಲಿ ಕೋಲುಗಳು ತಗ್ಗಿನಲ್ಲಿರಬೇಕು, ಬಿದ್ದರೆ ಪೆಟ್ಟಾಗದಂತೆ ಕೆಳಗೆ ಮೆತ್ತೆ ಇರಬೇಕು. ಡಿ3 ಬೆರೆತ ಕ್ಯಾಲ್ಸಿಯಂ ಹನಿಯನ್ನು ಅಳೆದೇ ಕೊಡಬೇಕು, ಹೆಚ್ಚಾದರೆ ಮೂತ್ರಪಿಂಡಕ್ಕೆ ಕೇಡು. ಬೆಳಗಿನ ಬಿಸಿಲೂ ಬೇಕು, ಅದೂ ಗಾಜಿನ ಕಿಟಕಿಯ ಹಿಂದೆ ಅಲ್ಲ. ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ನನ್ನ ಮೂಳೆ ಡಾಕ್ಟರೂ ಅಕ್ಷರಶಃ ಅದನ್ನೇ ಬರೆದಿದ್ದರು. ಹಾಗಾಗಿ ಬೆಳಿಗ್ಗೆ ತಾರಸಿಯ ಮೇಲೆ ನಾನು ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು, ಅದು ಪಂಜರದಲ್ಲಿ, ಇಬ್ಬರೂ ಒಂದೇ ಕಡೆ ವಾಲಿ ಕೂರುತ್ತೇವೆ. ಪಕ್ಕದ ಮನೆಯ ರಾಯರು ಕಾಫಿ ಲೋಟ ಹಿಡಿದು ಬಂದು, “ಯಾವುದನ್ನು ಮೊದಲು ವಿಚಾರಿಸಲಿ?” ಎನ್ನುತ್ತಾರೆ.

ಕಥೆ ಹೇಳುವ ಲಕ್ಷಣ ಇನ್ನೂ ಕಂಡಿಲ್ಲ. ಕಾಕಟೀಲ್‌ಗಳು ಮಾತಿಗಿಂತ ಸಿಳ್ಳೆಯಲ್ಲಿ ಮುಂದು. ನಮ್ಮದು ಕುಕ್ಕರಿನ ಸಿಳ್ಳೆಯನ್ನು ಎಷ್ಟು ಚೆನ್ನಾಗಿ ಕಲಿತಿದೆಯೆಂದರೆ, ಹೆಂಡತಿ ಮೂರು ಎಣಿಸಿ ಒಲೆ ಆರಿಸುತ್ತಾಳೆ. ಅದರಲ್ಲಿ ಎರಡು ಪಾಯಸದ್ದು. ಬೇಯದ ಬೇಳೆಯ ಸಾರು ಉಣ್ಣುವಾಗೆಲ್ಲ ಅವಳು ಏನೂ ಹೇಳುವುದಿಲ್ಲ, ಸುಮ್ಮನೆ ನನ್ನ ಕಡೆ ನೋಡುತ್ತಾಳೆ.

ಈಚೆಗೆ ಒಂದು ಹೊಸ ಬೆಳವಣಿಗೆ. ಪಾಯಸ ಪ್ರಾಯಕ್ಕೆ ಬಂದಿದೆ, ಗಂಡು ಎಂಬುದು ಖಚಿತವಾಗಿದೆ. ನಾನು ಪೇಪರ್ ಓದುತ್ತಾ ಕೂತಾಗ ಕೆಳಗಿಳಿದು, ಸೊಟ್ಟ ಬೆನ್ನನ್ನು ಆದಷ್ಟು ನಿಗುರಿಸಿ, ರೆಕ್ಕೆಗಳನ್ನು ಅರ್ಧ ಎತ್ತಿ, ನನ್ನ ಕಾಲ್ಬೆರಳಿನ ಸುತ್ತ ಕುಪ್ಪಳಿಸುತ್ತಾ ಹಾಡುತ್ತದೆ. ಉಗುರನ್ನು ಕೊಕ್ಕಿನಿಂದ ಮೃದುವಾಗಿ ತಟ್ಟುತ್ತದೆ. ಹೊಸ ಕಾಯಿಲೆಯೇ ಇರಬೇಕೆಂದು ಗಾಬರಿಯಿಂದ ಡಾಕ್ಟರಮ್ಮನಿಗೆ ವಿಡಿಯೋ ಕಳಿಸಿದೆ. ಫೋನ್ ಮಾಡಿದರು. ಒಂಟಿಯಾಗಿ ಮನುಷ್ಯರ ಕೈತುತ್ತಿನಲ್ಲಿ ಬೆಳೆದ ಗಿಳಿಗಳು ಜೋಡಿಯನ್ನೂ ಮನುಷ್ಯರಲ್ಲೇ ಹುಡುಕುವುದುಂಟಂತೆ. “ಅಂಕಲ್, ಅದು ನಿಮ್ಮನ್ನ ಅಮ್ಮ ಅಂದ್ಕೊಂಡಿಲ್ಲ.”

ಸ್ಪೀಕರ್ ಆನ್ ಆಗಿತ್ತು. ಹೆಂಡತಿ ಹೊಲಿಗೆ ಡಬ್ಬಿಯಿಂದ ದಾರ ತಂದು ನನ್ನ ಕಾಲ್ಬೆರಳಿಗೆ ಸುತ್ತಿ ಅಳತೆ ತೆಗೆದುಕೊಂಡಳು.

“ಏನೇ ಇದು?”

“ಕಾಲುಂಗುರಕ್ಕೆ ರೀ.”